ತೋಳ ಹಿಡಿದಿದ್ದೋ, ನಾಯಿ ಕಡಿದಿದ್ದೋ?

ಸತ್ತ ಕುರಿಯ ಕುತ್ತಿಗೆಯ ತೊಗಲು ಬಿಡಿಸಿ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಹಲ್ಲು ಊರಿದ ಜಾಗದಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ, ಕಚ್ಚಿದಾಗ ಕುರಿಗೆ ಜೀವ ಇತ್ತು. ಹೆಪ್ಪೇ ಇಲ್ಲದಿದ್ದರೆ ಅದು ಮೊದಲೇ ಸತ್ತಿತ್ತು, ಆಮೇಲೆ ಯಾವುದೋ ಪ್ರಾಣಿ ಬಂದು ತಿಂದಿದೆ. ರಾತ್ರಿ ಕರುಳುಬೇನೆಯಿಂದ ಸತ್ತ ಕುರಿಯನ್ನು ಬೆಳಗಾಗುವಷ್ಟರಲ್ಲಿ ತೋಳ ಹರಿದು ತಿಂದಿರುವುದೂ ಉಂಟು.

ತೋಳ ಸಾಮಾನ್ಯವಾಗಿ ಗಂಟಲಿಗೇ ಬಾಯಿ ಹಾಕುತ್ತದೆ. ಮರಿಯಾದರೆ ಎತ್ತಿಕೊಂಡೇ ಹೋಗುತ್ತದೆ, ನಮಗೆ ನೋಡಲು ಏನೂ ಉಳಿದಿರುವುದಿಲ್ಲ. ನಾಯಿಗಳ ಕೆಲಸ ಬೇರೆ. ಹಿಂದಿನ ತೊಡೆ, ಪಕ್ಕೆ, ಕಿವಿ, ಮೂತಿ, ಹೀಗೆ ಸಿಕ್ಕಲ್ಲಿ ಕಚ್ಚಿರುತ್ತವೆ. ಗಾಯ ಆಗಿದ್ದು ಹತ್ತಾರು ಕುರಿಗೆ, ತಿಂದಿದ್ದು ಮಾತ್ರ ಸ್ವಲ್ಪ. ಇದೇ ಪಕ್ಕಾ ನಿಯಮ ಅಂತಲ್ಲ. ಕುರಿ ಕೂಡುವ ದಡ್ಡಿಯೊಳಗೆ ನುಗ್ಗಿದ ತೋಳವೂ ಕೆಲವೊಮ್ಮೆ ತಿನ್ನುವುದಕ್ಕಿಂತ ಜಾಸ್ತಿ ಕುರಿ ಕೊಲ್ಲುತ್ತದೆ. ತೋಳ ಬಿಟ್ಟುಹೋದದ್ದನ್ನು ನಾಯಿಗಳು ಎಳೆದಾಡಿದರೆ ಗುರುತೇ ಕಲಸಿಹೋಗುತ್ತದೆ. ಆಗ ‘ಖಚಿತವಾಗಿ ಹೇಳಲು ಆಗುವುದಿಲ್ಲ’ ಅಂತ ಬರೆಯುವುದೇ ಸರಿ.

ಬಾಗಲಕೋಟೆ ಜಿಲ್ಲೆಯಲ್ಲಿ ಪಶುವೈದ್ಯನಾದವನಿಗೆ ಇದು ದಿನನಿತ್ಯದ ಕೆಲಸ. ಕಾಡುಪ್ರಾಣಿ ಅಂದರೆ ಖಾನಾಪುರದ ಭೀಮಗಡದಂಥ ಹಸಿರು ಕಾಡೇ ನೆನಪಾಗುತ್ತದೆ, ಅಲ್ವಾ? ನಮ್ಮ ಕಡೆ ಹಾಗಲ್ಲ. ಬೀಳಗಿ, ಮುಧೋಳ ತಾಲೂಕಿನ ಕಲ್ಲುಗುಡ್ಡ, ಕುರುಚಲು ಗಿಡ, ಒಣಹುಲ್ಲಿನ ನಡುವೆ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಆಯಿತು. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಅನ್ನುವ ಹುಲ್ಲೆ ಅಲ್ಲಿದೆ, ತೋಳವೂ ಇದೆ. ಆದರೆ ತೋಳಕ್ಕೆ ಧಾಮದ ಗಡಿ ಎಲ್ಲಿ ಗೊತ್ತು? ಒಂದೇ ರಾತ್ರಿಯಲ್ಲಿ ಗಡಿ ದಾಟಿ ಜೋಳದ ಹೊಲ, ಹಳ್ಳದ ದಂಡೆ, ಕುರಿದಡ್ಡಿ ಎಲ್ಲ ಸುತ್ತಿ ಬರುತ್ತದೆ. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರ ಅಂತ ಅಂದಾಜು. ಅವುಗಳಲ್ಲಿ ಹೆಚ್ಚಿನವು ಬದುಕುತ್ತಿರುವುದು ಧಾಮಗಳ ಹೊರಗೆ, ಜನರ ನಡುವೆ. ಕುರಿ ಕಾಯುವ ಬಯಲುಸೀಮೆಯಲ್ಲಿ ತೋಳದ ಊಟದಲ್ಲಿ ಕುರಿ, ಆಡಿನ ಪಾಲೇ ದೊಡ್ಡದು. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ತೋಳ ಉಳಿಯುತ್ತೋ ಇಲ್ಲವೋ ಅನ್ನುವುದು ಕುರಿಗಾರನ ಕೈಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲ ಪಟ್ಟಿಯಲ್ಲಿ ಹೆಸರಿದೆ ಅಂದಮಾತ್ರಕ್ಕೆ ಅದು ಉಳಿಯುವುದಿಲ್ಲ.

ಅರಣ್ಯ ಇಲಾಖೆಯ ಪರಿಹಾರ ಸಿಗುವುದು ಕಾಡುಪ್ರಾಣಿ ಕೊಂದಿದ್ದಕ್ಕೆ ಮಾತ್ರ. ಅದಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹಿಂಡಿನ ಹಿರಿಯರು ಪಕ್ಕಕ್ಕೆ ಕರೆದು ಹೇಳುತ್ತಾರೆ: “ಸಾಹೇಬ್ರ, ತ್ವಾಳ ಅಂತನ ಬರೀರಿ. ನಾಯಿ ಅಂದ್ರ ಯಾರ್ ಕೊಡ್ತಾರ್ರೀ?” ಅವರನ್ನು ಬೈಯುವ ಮನಸ್ಸು ನನಗಿಲ್ಲ. ಗಬ್ಬದ ಕುರಿ ಹೋದರೆ ಮುಂದಿನ ಮರಿಯೂ ಹೋದಂತೆ. ದಾಳಿಗೆ ಬೆದರಿ ಓಡಿದ ಹಿಂಡಿನಲ್ಲಿ ಉಳಿದ ಗಬ್ಬದ ಕುರಿಗಳೂ ಕಂದು ಹಾಕುತ್ತವೆ, ಅಂದರೆ ಗರ್ಭಪಾತ ಆಗುತ್ತದೆ. ಆ ನಷ್ಟ ಯಾವ ಫಾರ್ಮಿನಲ್ಲೂ ಬರುವುದಿಲ್ಲ. ಆದರೆ ನಾಯಿ ಕಡಿದದ್ದನ್ನೆಲ್ಲ ತೋಳದ ಲೆಕ್ಕಕ್ಕೆ ಬರೆದರೆ ಆ ಊರಿನಲ್ಲಿ ತೋಳ ವಿಪರೀತ ಆಗಿದೆ ಅಂತ ಸುದ್ದಿ ಹಬ್ಬುತ್ತದೆ. ನಾಯಿಯ ತಂಟೆಗೆ ಯಾರೂ ಹೋಗುವುದಿಲ್ಲ.

ವಲಸೆ ಕುರಿಗಾರರ ಪಾಡು ಇನ್ನೂ ಕಷ್ಟ. ದೀಪಾವಳಿ ಮುಗಿಸಿ ರಾಯಬಾಗ, ಗೋಕಾಕ ಕಡೆಯಿಂದ ಹೊರಟ ಹಿಂಡು ಇಲ್ಲಿ ಯಾರದೋ ಹೊಲದಲ್ಲಿ ತರುಬಿರುತ್ತದೆ. ಗೊಬ್ಬರ ರೈತನಿಗೆ, ಕಾಳೋ ದುಡ್ಡೋ ಕುರಿಗಾರನಿಗೆ. ತೋಳ ಮರಿ ಹಾಕುವುದೂ ಚಳಿಗಾಲದಲ್ಲೇ. ಅದರ ಮನೆಯಲ್ಲಿ ತಿನ್ನುವ ಬಾಯಿ ಜಾಸ್ತಿಯಾದ ಹೊತ್ತಿಗೇ ಇವರ ಹಿಂಡಿನಲ್ಲೂ ಎಳೆ ಮರಿಗಳಿರುತ್ತವೆ. ಕುರಿ ಸತ್ತರೆ ಹೆಣ ಅಲ್ಲೇ ಬಿಟ್ಟು ಅರಣ್ಯದವರಿಗೂ ಪಶುವೈದ್ಯರಿಗೂ ಕಾಯಬೇಕು. ಹಿಂಡಿಗೆ ಮೇವು ಮುಗಿದಿರುತ್ತದೆ, ಮುಂದಿನ ಊರಿನ ರೈತ ಫೋನ್ ಮಾಡುತ್ತಿರುತ್ತಾನೆ. ಆಧಾರ್ ಒಂದು ಜಿಲ್ಲೆಯದು, ಹೆಣ ಇನ್ನೊಂದು ಜಿಲ್ಲೆಯಲ್ಲಿ. ಬೇಜಾರಾಗಿ ತೊಗಲು ಸುಲಿದು ಹೊರಟೇ ಬಿಡುತ್ತಾರೆ. ಸುಲಿದ ಮೇಲೆ ನಾವು ಏನು ನೋಡಿ ಬರೆಯೋಣ? ಹೆಣ ಎಳೆದಾಡಬೇಡಿ, ಸುಲಿಯಬೇಡಿ, ಮುಳ್ಳು ಕಂಟಿ ಮುಚ್ಚಿ ಬೆಳಿಗ್ಗೆಯೇ ಎರಡೂ ಇಲಾಖೆಗೆ ಫೋನ್ ಮಾಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ನನ್ನ ಕೇಳಿದರೆ, ಜಾಗದ ಗುರುತು ಬೀಳುವ ಮೊಬೈಲ್ ಫೋಟೊ ಮತ್ತು ಹತ್ತಿರದ ಯಾವ ಪಶುವೈದ್ಯರ ವರದಿಯಾದರೂ ಸಾಕು, ದುಡ್ಡು ವಾರದೊಳಗೆ ಖಾತೆಗೆ ಬೀಳಬೇಕು. ತಡವಾಗಿ ಬರುವ ಪೂರ್ತಿ ಪರಿಹಾರಕ್ಕಿಂತ ಬೇಗ ಬರುವ ಅರ್ಧವೇ ತೋಳವನ್ನು ಜಾಸ್ತಿ ಉಳಿಸುತ್ತದೆ.

ಯಾಕೆಂದರೆ ಸಿಟ್ಟಿಗೆದ್ದವನ ಕೈಗೆ ಸುಲಭವಾಗಿ ಸಿಗುವುದು ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ. ಹೆಣಕ್ಕೆ ಅದನ್ನು ಸುರಿದರೆ ತೋಳ ಒಂದೇ ಸಾಯುವುದಿಲ್ಲ. ನರಿ, ಕತ್ತೆಕಿರುಬ, ಹದ್ದು, ಕೊನೆಗೆ ಅವನದೇ ಕಾವಲು ನಾಯಿಯೂ ಹೋಗುತ್ತದೆ.

ಕಾವಲು ನಾಯಿ ಅಂದಾಗ ಒಂದು ಮಾತು. ಮುಧೋಳ ನಾಯಿ ನಮ್ಮ ಹೆಮ್ಮೆ, ನಿಜ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿ ಓಡುವ ತಳಿ. ರಾತ್ರಿ ದಡ್ಡಿಯ ಪಕ್ಕ ಜಗ್ಗದೆ ನಿಲ್ಲಲು ಗಟ್ಟಿ ಮೈಯ ಜವಾರಿ ನಾಯಿಯೇ ವಾಸಿ. ಅದರ ಕೊರಳಿಗೆ ಮುಳ್ಳಿನ ಪಟ್ಟಿ ಹಾಕಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಮರಿಗಳಿಗೆ ಬೇರೆ ಬಲೆ, ಎತ್ತರದ್ದು, ಹಿಂಡಿನ ನಡುವೆ ಇರಲಿ.

ಯಜಮಾನ ಇಲ್ಲದ ನಾಯಿಗಳದ್ದು ಬೇರೆಯೇ ತಲೆನೋವು. ಊರ ಹೊರಗೆ ಎಸೆದ ಕೋಳಿ ಅಂಗಡಿಯ ಕಸ, ಸತ್ತ ದನ ತಿಂದು ಗುಂಪು ಬೆಳೆಯುತ್ತದೆ. ಚಿಂಕಾರದ ಮರಿಯನ್ನು ಹಿಡಿಯುವುದೂ ಇವೇ. ನಾಯಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ತೋಳಕ್ಕೂ ಹತ್ತುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಇದೇ ವೈರಸ್ ಸಿಕ್ಕಿತ್ತು. ಪುಣೆ ಕಡೆ ತೋಳ, ನಾಯಿ ಬೆರಕೆಯಾದದ್ದೂ ಖಚಿತವಾಗಿದೆ. ಸತ್ತ ದನವನ್ನು ಆಳವಾಗಿ ಹೂಳುವ ಪಂಚಾಯಿತಿಯೂ ತೋಳ ಉಳಿಸುವ ಕೆಲಸವನ್ನೇ ಮಾಡುತ್ತಿದೆ ಅನ್ನಿ.

ಆಡು, ಕುರಿಗಳಿಗೆ ಹರಡುವ ಪಿಪಿಆರ್ ಅನ್ನುವ ಸಾಂಕ್ರಾಮಿಕ ರೋಗದ ಲಸಿಕೆಯೂ ಹಾಗೆಯೇ. ಕುರಿಗಾರ ಅದನ್ನು ಹಾಕಿಸುವುದು ತನ್ನ ಕುರಿಗಾಗಿ. ಆದರೆ ಮಂಗೋಲಿಯಾದಲ್ಲಿ 2016ರ ಕೊನೆಗೆ ಆ ರೋಗ ಆಡು, ಕುರಿಗಳಿಂದ ಸೈಗಾ ಅನ್ನುವ ಹುಲ್ಲೆಗೆ ದಾಟಿ ಸಾವಿರಾರು ಸತ್ತವು. ಚಿಂಕಾರವೂ ಹುಲ್ಲೆಯೇ. ಹಾಗಾಗಿ ಯಡಹಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಒಂದು ಹಿಂಡೂ ಲಸಿಕೆ ತಪ್ಪಿಸಿಕೊಳ್ಳಬಾರದು. ಬೇರೆ ಜಿಲ್ಲೆಯಿಂದ ಬಂದ ಹಿಂಡಾದರೂ ಸರಿ.

ಇಷ್ಟೆಲ್ಲ ಮಾಡಿದರೂ ಹುಲ್ಲು ಬೇಕಲ್ಲ! ಕುರಿಗೆ ಬೇಕಾದ ಬಯಲೇ ಚಿಂಕಾರಕ್ಕೂ ತೋಳಕ್ಕೂ ಬೇಕು. ನಮ್ಮ ಕಾಗದಪತ್ರಗಳಲ್ಲಿ ಅದು ಬೀಳು, ಇಲ್ಲವೇ ಗಾಯರಾಣ, ಅಂದರೆ ಊರಿನ ಗೋಮಾಳ. ಬೀಳು ಅಂದ ಕೂಡಲೇ ಯಾರಾದರೂ ಒಬ್ಬರು ಸಸಿ ನೆಡಲು ಹೊರಡುತ್ತಾರೆ, ಇನ್ನೊಬ್ಬರು ಸೋಲಾರ್ ಹಾಕಲು. ವಿದ್ಯುತ್ ಬೇಡ ಅನ್ನಲು ನಾನು ಯಾರು? ಆದರೆ ಚಿಂಕಾರ ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಪ್ರಾಣಿ. ಒತ್ತೊತ್ತಾಗಿ ಗಿಡ ನೆಟ್ಟ ಜಾಗ ಅದಕ್ಕೆ ಪ್ರಯೋಜನ ಇಲ್ಲ, ನೆರಳಿನಡಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಗಾಯರಾಣದ ಬಗ್ಗೆ ತೀರ್ಮಾನ ಆಗುವ ಗ್ರಾಮಸಭೆಗಳು ಕುರಿಗಾರರು ಪರಊರಿನಲ್ಲಿರುವ ತಿಂಗಳಲ್ಲೇ ನಡೆದುಹೋದರೆ ಹುಲ್ಲಿನ ಪರ ಮಾತಾಡುವವರೇ ಇರುವುದಿಲ್ಲ. ಬಹಳಷ್ಟು ಹಿಂಡುಗಳು ಮುಂಗಾರಿಗೆ ಊರಿಗೆ ಮರಳುತ್ತವೆ. ಜಮೀನಿನ ವಿಷಯ ಇಟ್ಟುಕೊಂಡ ಸಭೆಯನ್ನು ಆಗ ಕರೆಯಿರಿ.