ಸಾಲು ಸಿಕ್ಕ ಕೂಡಲೇ ದಾಟಿಸಬೇಕು

ಕಂಪ್ಯೂಟರಿನಲ್ಲಿ ನಡೆದದ್ದನ್ನು ಸಾಲು ಸಾಲಾಗಿ ದಾಖಲಿಸುವ ಲಾಗ್ ಕಡತವೊಂದು ಕ್ಷಣಕ್ಷಣಕ್ಕೂ ಬೆಳೆಯುತ್ತಿತ್ತು. ಅದರಲ್ಲಿ ‘ದೋಷ’ ಎಂಬ ಪದವಿದ್ದ ಸಾಲುಗಳಷ್ಟೇ ನನಗೆ ಬೇಕಾಗಿದ್ದವು. ಪದವಿರುವ ಸಾಲುಗಳನ್ನು ಹುಡುಕಿಕೊಡುವ ‘ಗ್ರೆಪ್’ ಆಜ್ಞೆ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಆದರೂ ಒಳಗಿನದು ತಿಳಿಯಲೆಂದು ಸಿ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಒಂದು ಸಾಲು ಓದುವುದು, ಪದ ಸಿಕ್ಕರೆ ಮುಂದಕ್ಕೆ ದಾಟಿಸುವುದು, ಇಲ್ಲದಿದ್ದರೆ ಬಿಟ್ಟುಬಿಡುವುದು, ಅಷ್ಟೇ. ಕಡತ ಎಷ್ಟೇ ದೊಡ್ಡದಿರಲಿ, ಒಮ್ಮೆಗೆ ಒಂದು ಸಾಲಿಗಾಗುವಷ್ಟು ಸ್ಮೃತಿ ಸಾಕು.

ತೋಟದ ನೀರಿನ ಕೊಳವೆಗೆ ಬೇಕೆಂದಾಗ ಇನ್ನೊಂದು ತುಂಡು ಸೇರಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸಲು ಬರಬೇಕೆಂದು ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಅಲ್ಲಿನವರೇ ಆದ ಕೆನ್ ಥಾಂಪ್ಸನ್ ಆ ಕೊಳವೆಯನ್ನು, ಅಂದರೆ ಪೈಪನ್ನು, ಕಂಪ್ಯೂಟರ್ ನಡೆಸುವ ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್‌ಗೆ ತಂದರು. ಇಂದು ಎರಡು ಆಜ್ಞೆಗಳ ನಡುವೆ ಒಂದು ಲಂಬ ಗೆರೆ ಹಾಕಿದರೆ ಮೊದಲನೆಯದು ಬರೆದದ್ದನ್ನು ಎರಡನೆಯದು ಓದುತ್ತದೆ, ಎರಡೂ ಒಟ್ಟಿಗೇ ಓಡುತ್ತವೆ. ಪ್ರತಿ ಪ್ರೋಗ್ರಾಮಿಗೂ ಮೂರು ಬಾಗಿಲು: ಓದಲು 0, ಬರೆಯಲು 1, ದೂರು ಹೇಳಲು 2. ದೂರನ್ನು 1ರಲ್ಲಿ ಕಳಿಸಿದರೆ ಮುಂದಿನ ಪ್ರೋಗ್ರಾಂ ಅದನ್ನೂ ದತ್ತಾಂಶವೆಂದೇ ನುಂಗುತ್ತದೆ.

ಪರದೆಯ ಮೇಲೆ ನನ್ನ ಪ್ರೋಗ್ರಾಂ ಚೆನ್ನಾಗಿಯೇ ನಡೆಯಿತು. ಅದರ ಮುಂದೆ ಇನ್ನೊಂದನ್ನು ಜೋಡಿಸಿದೆ ನೋಡಿ, ಎಲ್ಲವೂ ಸ್ತಬ್ಧ! ನಿಮಿಷಗಳು ಕಳೆದರೂ ಒಂದಕ್ಷರ ಬರಲಿಲ್ಲ. ಆಮೇಲೆ ಸಾಲುಗಳೆಲ್ಲ ಒಮ್ಮೆಲೇ ಸುರಿದವು.

ತಪ್ಪು ನನ್ನ ತರ್ಕದಲ್ಲಿರಲಿಲ್ಲ. ಹೊರಹೋಗುವ ಬಾಗಿಲ ಆಚೆ ಪರದೆಯಿದೆಯೋ ಪೈಪಿದೆಯೋ ಎಂದು ಸಿ ಗ್ರಂಥಾಲಯ, ಅಂದರೆ ಆ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಸಂಗ್ರಹ, ನೋಡಿಕೊಳ್ಳುತ್ತದೆ. ಪರದೆಯಾದರೆ ಓದುವವರು ಕಾಯುತ್ತಿದ್ದಾರೆಂದು ಸಾಲು ಮುಗಿದೊಡನೆ ಕಳಿಸುತ್ತದೆ. ಪೈಪಾದರೆ ಬಫರ್, ಅಂದರೆ ಸ್ಮೃತಿಯಲ್ಲಿನ ತಾತ್ಕಾಲಿಕ ಸಂಗ್ರಹ, ತುಂಬುವವರೆಗೆ ಕೂಡಿಡುತ್ತದೆ. ಬಫರ್ 4096 ಬೈಟ್, ಸಾಲು 80 ಬೈಟ್ ಎಂದುಕೊಂಡರೆ, ಐವತ್ತು ಸಾಲು ಸೇರಿದರೂ ಒಂದೂ ಹೊರಡುವುದಿಲ್ಲ. ಇದು ದಡ್ಡತನವಲ್ಲ, ಪ್ರತಿ ಸಾಲಿಗೂ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಕದ ತಟ್ಟುವುದು ದುಬಾರಿ. ಮುಗಿದ ಕಡತವನ್ನು ಸೋಸುವಾಗ ಕೂಡಿಡುವುದೇ ಸರಿ. ಬೆಳೆಯುತ್ತಿರುವ ಲಾಗ್‌ಗೆ ಮಾತ್ರ ಪ್ರತಿ ಸಾಲಿನ ನಂತರವೂ ಬಫರ್ ಖಾಲಿ ಮಾಡಿಸಬೇಕು. ಗ್ರೆಪ್‌ನಲ್ಲಿ ಇದಕ್ಕೆಂದೇ ಒಂದು ಆಯ್ಕೆಯಿದೆ. ನಾನೂ ಅಂಥದ್ದೊಂದನ್ನು ಸೇರಿಸಿದೆ.

ಆಚೆ ತುದಿಯವರು ಮಧ್ಯದಲ್ಲೇ ಎದ್ದು ಹೋದರೆ? ‘ಹೆಡ್’ ಆಜ್ಞೆ ಹತ್ತು ಸಾಲು ತೆಗೆದುಕೊಂಡು ಮುಗಿಸಿಬಿಡುತ್ತದೆ. ಅದಕ್ಕೆ ನಾನು ಏನೂ ಬರೆಯಬೇಕಾಗಲಿಲ್ಲ. ಓದುವವರಿಲ್ಲದ ಪೈಪಿಗೆ ಬರೆಯಲು ಹೋದೊಡನೆ ಕರ್ನೆಲ್ ‘ಸಿಗ್‌ಪೈಪ್’ ಎಂಬ ಸಂಕೇತ ಕಳಿಸಿ, ಲಕ್ಷ ಸಾಲು ಬಾಕಿಯಿದ್ದರೂ, ನನ್ನ ಪ್ರೋಗ್ರಾಮನ್ನು ಸದ್ದಿಲ್ಲದೆ ನಿಲ್ಲಿಸಿತು.