‘ಲಾ ನ್ವಿ ದ್ಯು ದೂಜ್’: ಕೊನೆಗೂ ಕೊಂದವರು ಯಾರು?

ಓದುಗರ ಪ್ರಶ್ನೆ: ‘ದಿ ನೈಟ್ ಆಫ್ ದಿ ಟ್ವೆಲ್ತ್’ (‘ಲಾ ನ್ವಿ ದ್ಯು ದೂಜ್’) ಅನ್ನೋ ಫ್ರೆಂಚ್ ಸಿನಿಮಾನ ಎರಡು ಸಲ ನೋಡಿದೆ. ಕ್ಲಾರಾನ ಕೊಂದಿದ್ದು ಯಾರು ಅಂತ ಗೊತ್ತಾಗಲೇ ಇಲ್ಲ. ಯಾವುದಾದರೂ ಸುಳಿವು ನನ್ನ ಕಣ್ಣಿಗೆ ಬೀಳಲಿಲ್ಲವಾ?

ನಿಮ್ಮ ಕಣ್ಣು ಏನನ್ನೂ ತಪ್ಪಿಸಿಕೊಂಡಿಲ್ಲ. ಕೊಲೆಗಾರ ಸಿಗುವುದೇ ಇಲ್ಲ. ಫ್ರಾನ್ಸಿನ ಅಪರಾಧ ತನಿಖಾ ಪೊಲೀಸರು ವರ್ಷಕ್ಕೆ 800ಕ್ಕೂ ಹೆಚ್ಚು ಕೊಲೆ ಪ್ರಕರಣ ಕೈಗೆತ್ತಿಕೊಳ್ಳುತ್ತಾರೆ, ಅದರಲ್ಲಿ ಸುಮಾರು ಶೇ. 20 ಬಗೆಹರಿಯುವುದಿಲ್ಲ, ಇದು ಅಂಥದ್ದೊಂದು ಎಂದು ಆರಂಭದ ಬರಹವೇ ಹೇಳುತ್ತದೆ. ಕಥೆ ಹಿಡಿದಿಟ್ಟ ಮೇಲೆ ಆ ಮಾತು ಮರೆತೇ ಹೋಗುತ್ತದೆ. 2022ರ ಈ ಚಿತ್ರವನ್ನು ಡೊಮಿನಿಕ್ ಮೋಲ್ ತೆಗೆದದ್ದು ಪೋಲಿನ್ ಗೆನಾ ಅವರ ಪುಸ್ತಕದ ಒಂದು ಭಾಗದಿಂದ. ಗೆನಾ ಒಂದು ವರ್ಷ ವರ್ಸೈನ ತನಿಖಾ ದಳದ ಜೊತೆಗಿದ್ದು ಅದನ್ನು ಬರೆದರು. ಹಾಗಾಗಿ ಪೊಲೀಸರ ದಿನಚರಿ ಇಲ್ಲಿ ನಿಜದ ಹಾಗೇ ಇದೆ: ಓವರ್‌ಟೈಮಿನ ಗೊಣಗಾಟ, ಮುಗಿಯದ ವರದಿಗಳು.

ಸುಳಿವು ಹುಡುಕುವವರು ಎಡವುವುದು ಶಂಕಿತರ ವಿಷಯದಲ್ಲಿ. 2016ರ ಅಕ್ಟೋಬರ್ 12ರ ರಾತ್ರಿ, ಆಲ್ಪ್ಸ್ ಬುಡದ ಸಣ್ಣ ಊರಲ್ಲಿ, ಗೆಳತಿಯ ಮನೆಯಿಂದ ನಡೆದು ಬರುತ್ತಿದ್ದ ಹುಡುಗಿ ಕ್ಲಾರಾಗೆ ಯಾರೋ ಪೆಟ್ರೋಲ್ ಸುರಿದು ಬೆಂಕಿ ಇಡುತ್ತಾನೆ. ಅವಳ ಪರಿಚಯದ ಒಬ್ಬ, ಅವಳನ್ನು ಸುಡುತ್ತೇನೆಂದು ಮೊದಲೇ ರ‍್ಯಾಪ್ ಹಾಡು ಕಟ್ಟಿದ್ದ. ಇನ್ನೊಬ್ಬ ಹೆಂಗಸರ ಮೇಲೆ ಕೈಮಾಡಿದವನು. ಯಾರೇ ಆದರೂ ಮಾಡಿರಬಹುದು ಅನ್ನಿಸುತ್ತದೆ, ಸಾಕ್ಷ್ಯ ಮಾತ್ರ ಯಾರ ಮೇಲೂ ಇಲ್ಲ. ಫ್ರಾನ್ಸಿನಲ್ಲಿ ಶಂಕಿತನನ್ನು ವಿಚಾರಣೆಗೆ ಹಿಡಿದಿಡಲು ಸಾಮಾನ್ಯವಾಗಿ 24 ಗಂಟೆ, ಪ್ರಾಸಿಕ್ಯೂಟರ್ ಒಪ್ಪಿದರೆ ಮತ್ತೆ 24. ಸಾಕ್ಷ್ಯ ಸಿಗದಿದ್ದರೆ ಆಮೇಲೆ ಬಿಡಲೇಬೇಕು. ಬಿಟ್ಟವನ ಮುಖ ಪೊಲೀಸರ ತಲೆಯಲ್ಲಿ ಉಳಿಯುತ್ತದೆ. ದಳದ ಪೊಲೀಸ್, ಸಂಸಾರ ಮುರಿದು ಬಿದ್ದ ಮಾರ್ಸೋ ಇದನ್ನು ತಡೆಯಲಾರದೆ ಒಬ್ಬ ಶಂಕಿತನ ಮೇಲೆ ಏರಿಹೋಗುತ್ತಾನೆ, ದಳವನ್ನೇ ಬಿಡಬೇಕಾಗುತ್ತದೆ. ಮುಖ್ಯಸ್ಥ ಯೋಹಾನ್ ಕಿರುಚುವವನಲ್ಲ. ಅವನು ವೆಲೋಡ್ರೋಮಿನಲ್ಲಿ, ಅಂದರೆ ಸೈಕಲ್ ಪಂದ್ಯದ ದುಂಡು ಟ್ರ್ಯಾಕಿನಲ್ಲಿ, ರಾತ್ರಿ ಒಬ್ಬನೇ ಸೈಕಲ್ ತುಳಿಯುತ್ತಾನೆ. ಇಳಿಜಾರಾದ ಅದೇ ಟ್ರ್ಯಾಕ್, ಸುತ್ತಿನ ಮೇಲೆ ಸುತ್ತು. ಹೊರಟಲ್ಲಿಗೇ ಮರಳುತ್ತಾನೆ.

ಮತ್ತೊಮ್ಮೆ ನೋಡುವುದಾದರೆ, ಗಂಡಸರ ಉತ್ತರಗಳನ್ನು ಬಿಟ್ಟು ಪೊಲೀಸರ ಪ್ರಶ್ನೆಗಳಿಗೆ ಕಿವಿಗೊಡಿ. ಕ್ಲಾರಾ ಯಾರ ಜೊತೆ ಇದ್ದಳು, ಎಷ್ಟು ಜನರ ಜೊತೆ? ಕೇಳಿ ಕೇಳಿ ಗೆಳತಿ ಸ್ಟೆಫಾನಿಗೆ ಸಾಕಾಗುತ್ತದೆ. ಕ್ಲಾರಾ ಹೆಣ್ಣಾಗಿದ್ದಳು, ಅದಕ್ಕೇ ಕೊಂದರು ಎಂದು ಅಳುತ್ತಾಳೆ. ಚಿತ್ರ ಉತ್ತರದ ಹತ್ತಿರ ಹೋಗುವುದು ಅಲ್ಲಿಯವರೆಗೆ.

ಮೂರು ವರ್ಷದ ನಂತರ ಕಡತ ಮತ್ತೆ ತೆರೆಯಿಸುವುದು ತನಿಖಾ ನ್ಯಾಯಾಧೀಶೆ. ನಮ್ಮಲ್ಲಿ ಆ ಹುದ್ದೆ ಇಲ್ಲದ್ದರಿಂದ ಗೊಂದಲವಾಗಬಹುದು: ಫ್ರಾನ್ಸಿನಲ್ಲಿ ಗಂಭೀರ ಅಪರಾಧದ ತನಿಖೆ ಇವರ ಸುಪರ್ದಿಯಲ್ಲಿ ನಡೆಯುತ್ತದೆ, ಫೋನ್ ಕದ್ದಾಲಿಕೆಗೆ ಆದೇಶ ಕೊಡುವ ಅಧಿಕಾರವೂ ಇವರಿಗಿದೆ. ದಳಕ್ಕೆ ನಾಡಿಯಾ ಎಂಬ ತರುಣಿ ಸೇರುತ್ತಾಳೆ, ಸಮಾಧಿಯ ಬಳಿ ಕ್ಯಾಮೆರಾ ಇಡುತ್ತಾರೆ, ಒಬ್ಬ ಬರುತ್ತಾನೆ. ಕೊಲೆಯ ಸಮಯದಲ್ಲಿ ಅವನು ಮಾನಸಿಕ ಆಸ್ಪತ್ರೆಯಲ್ಲಿದ್ದ. ಅವನೂ ಅಲ್ಲ.

ಯೋಹಾನ್ ಕೊನೆಗೆ ಆ ಟ್ರ್ಯಾಕ್ ಬಿಟ್ಟು ಹೊರಬರುತ್ತಾನೆ, ಸೈಕಲ್ ಬೆಟ್ಟದ ರಸ್ತೆ ಹತ್ತುತ್ತದೆ.