ನಮ್ಮ ಶಾಸಕರು ಸ್ಪೀಕರ್ ಆದರೆ ಊರಿನ ಮಾತು ಆಡುವುದು ಯಾರು?

ಮಂಗಳೂರಿನ ನನ್ನ ಕಚೇರಿಗೆ ಸೋಮೇಶ್ವರದ ಹಿರಿಯರೊಬ್ಬರು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಜಾಗದ ಆರ್‌ಟಿಸಿ (ಪಹಣಿ). ಅದರಲ್ಲಿ ಬರೆದ ಜಾಗದ ಅರ್ಧ ಈಗ ಕಡಲಿನ ಪಾಲು. ಕಾಗದ ನೋಡಿ ಮುಗಿದ ಮೇಲೆ ಅವರು ಕೇಳಿದ್ದು ಬೇರೆಯೇ. "ವಕೀಲರೇ, ನಮ್ಮ ಖಾದರ್ ಸ್ಪೀಕರ್ ಆದರಲ್ಲ. ಇನ್ನು ಕಡಲ್ಕೊರೆತದ ಬಗ್ಗೆ ವಿಧಾನಸಭೆಯಲ್ಲಿ ಕೇಳುವುದು ಯಾರು ಮಾರಾಯ್ರೆ?"

ನ್ಯಾಯವಾದ ಪ್ರಶ್ನೆ, ಅಲ್ವಾ? ತಂದೆ ಯು.ಟಿ. ಫರೀದ್ ತೀರಿಕೊಂಡು ತೆರವಾದ ಉಳ್ಳಾಲ ಸೀಟಿಗೆ ಯು.ಟಿ. ಖಾದರ್ 2007ರ ಉಪಚುನಾವಣೆಯಲ್ಲಿ ಗೆದ್ದರು. 2008ರಲ್ಲಿ ಕ್ಷೇತ್ರದ ಹೆಸರು ಮಂಗಳೂರು ಎಂದಾಯಿತು, ಗೆಲುವು ನಿಲ್ಲಲಿಲ್ಲ. 2013ರಲ್ಲಿ ಆರೋಗ್ಯ ಸಚಿವರು, ಆಮೇಲೆ ಆಹಾರ ಖಾತೆ. 2023ರ ಮೇ ತಿಂಗಳಲ್ಲಿ ಸ್ಪೀಕರ್ ಕುರ್ಚಿ.

ಆ ಕುರ್ಚಿಗೆ ತೆರಬೇಕಾದ ಬೆಲೆಯೂ ಇದೆ. ಶಾಸಕರ ದೊಡ್ಡ ಆಯುಧ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆ ಬಂದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಆ ಉತ್ತರ ಕಡತಕ್ಕೆ ಸೇರುತ್ತದೆ. ನಾವು ವಕೀಲರು ಅದನ್ನು ಅರ್ಜಿಗೆ ಲಗತ್ತಿಸುವುದೂ ಉಂಟು. ಸ್ಪೀಕರ್ ಈ ಪ್ರಶ್ನೆ ಹಾಕುವಂತಿಲ್ಲ, ಚರ್ಚೆಗೂ ಇಳಿಯುವಂತಿಲ್ಲ. ಸಂವಿಧಾನದ 189ನೇ ವಿಧಿಯಂತೆ ಎರಡೂ ಕಡೆ ಮತ ಸಮವಾದಾಗ ಮಾತ್ರ ಅವರ ಮತ. ಕರಾವಳಿಗೆ ಇದು ಹೊಸತಲ್ಲ. ಉಡುಪಿಯ ಕಾನೂನು ಕಾಲೇಜಿಗೆ ಹೆಸರಿಟ್ಟಿರುವ ವೈಕುಂಠ ಬಾಳಿಗಾ ಅವರೂ 1962ರಿಂದ 1968ರವರೆಗೆ ಇದೇ ಕುರ್ಚಿಯಲ್ಲಿದ್ದರು.

ಊರಿನ ದನಿ ಅಂದಾಗ ನನಗೆ ಇನ್ನೊಂದು ವಿಷಯ ಕಾಡುತ್ತದೆ. 2025ರ ಮಾರ್ಚ್ 21ರಂದು 18 ಬಿಜೆಪಿ ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು. ಪೀಠದ ಹತ್ತಿರ ನುಗ್ಗಿ ಕಾಗದ ಎಸೆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ತಿಂಗಳು ಜಾಸ್ತಿಯಾಯಿತು ಎಂದೇ ನನ್ನ ಅಭಿಪ್ರಾಯ. ಮಹಾರಾಷ್ಟ್ರದ 12 ಶಾಸಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲೇ ಹೇಳಿತ್ತು: ನಡೆಯುತ್ತಿರುವ ಅಧಿವೇಶನ ದಾಟಿ ಅಮಾನತು ಮಾಡುವಂತಿಲ್ಲ. ಶಾಸಕ ಹೊರಗಿದ್ದರೆ ಶಿಕ್ಷೆ ಅವರೊಬ್ಬರಿಗಲ್ಲ, ಓಟು ಹಾಕಿದ ಊರಿಗೂ ತಟ್ಟುತ್ತದೆ. 2025ರ ಮೇ ತಿಂಗಳಲ್ಲಿ ಆ 18 ಮಂದಿಯ ಅಮಾನತು ಆದೇಶ ವಾಪಸಾಯಿತು. ಒಳ್ಳೆಯದೇ ಆಯಿತು.

ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಸ್ಪೀಕರ್ ಸದನದಲ್ಲಿ ಕೇಳಲಾರರು, ಆದರೆ ಮಂತ್ರಿಗೆ ಪತ್ರ ಬರೆಯಬಹುದು, ಅಧಿಕಾರಿಗಳನ್ನು ಕರೆಸಿ ಮಾತಾಡಬಹುದು. ಹಾಗಾಗಿ ಅವರಿಗೆ ಒಂದು ಅರ್ಜಿ ಕೊಡಿ. ಅದರದ್ದೇ ಪ್ರತಿ ನಮ್ಮ ಜಿಲ್ಲೆಯ ವಿಧಾನ ಪರಿಷತ್ ಸದಸ್ಯರಿಗೂ ಕೊಡಿ. ಪರಿಷತ್ತಿನಲ್ಲಿ ಪ್ರಶ್ನೆ ಹಾಕಲು ಅವರಿಗೆ ಅಡ್ಡಿಯಿಲ್ಲ. ಸರ್ವೆ ನಂಬರ್ ಬರೆಯಿರಿ, ಎಷ್ಟು ಸೆಂಟ್ಸ್ ಹೋಯಿತು, ಯಾವ ಮಳೆಗಾಲದಲ್ಲಿ ಹೋಯಿತು ಎಂದು ಬರೆಯಿರಿ.

ಅವರು ತೊಟ್ಟೆಯಿಂದ ಪೆನ್ನು ತೆಗೆದು ಅಲ್ಲೇ ಬರೆಯಲು ಕೂತರು.